ಇಪ್ಪತ್ತೇಳನೇ ನಂಬರಿನ ವಾಕಿಟಾಕಿ

ಹೆಡ್ ಕಾನ್‌ಸ್ಟೆಬಲ್ ಗುರುಲಿಂಗಪ್ಪ ಕುರ್ಚಿಗಳ ಮೇಲಿನ ಧೂಳು ಹೊಡೆಯುತ್ತಿದ್ದ. ವಾಡಿ ಠಾಣೆಯಲ್ಲಿ ಇದು ದಿನಾ ಬೆಳಗಿನ ಕೆಲಸ. ಸಂಜೆ ಒರೆಸಿಟ್ಟ ಕುರ್ಚಿಯ ಮೇಲೆ ಬೆಳಗಾಗುವುದರೊಳಗೆ ಕಲ್ಲಿನ ಹಿಟ್ಟು ಜರಡಿ ಹಿಡಿದಂತೆ ಕೂತಿರುತ್ತದೆ. ಒದ್ದೆ ಬಟ್ಟೆ ಹಾಕಿದರೆ ರಾಡಿಯಾಗುತ್ತದೆ, ಒಣ ಬಟ್ಟೆಯೇ ಆಗಬೇಕು. ಮೂರನೇ ಕುರ್ಚಿಗೆ ಬಂದಿದ್ದ, ಆಗಲೇ ಅದರ ಮೇಲೆ ಒಬ್ಬರು ಬಂದು ಕೂತುಬಿಟ್ಟರು.

"ಜರಾ ತಡೀರಿ ಸಾಹೇಬ್ರ, ಪ್ಯಾಂಟ್ ಬೆಳ್ಳಗಾಗ್ತದ," ಅಂದ ಗುರುಲಿಂಗಪ್ಪ.

"ಆಗ್ಲಿ ಬಿಡ್ರಿ. ಮೇಡಂ ಅದಾರೇನು?"

ಬಂದವರು ಸುರೇಶಕುಮಾರ. ಚಿತ್ತಾಪುರ ರಸ್ತೆಯ ಬೆಣ್ಣೆತೊರೆ ಸಿಮೆಂಟ್ ಕಂಪನಿಯ ಕಲ್ಲುಗಣಿಯಲ್ಲಿ ಸುರಕ್ಷತೆಯ ಮ್ಯಾನೇಜರು. ಕೈಯಲ್ಲಿ ಲಿಖಿತ ದೂರು ಇತ್ತು. ಫೆಬ್ರವರಿ ಹತ್ತು, ಸೋಮವಾರ. ಗಣಿಯ ಸ್ಟೋರಿನಿಂದ ಒಂದು ಡಿಜಿಟಲ್ ವಾಕಿಟಾಕಿ ಕಳುವಾಗಿದೆ, ಅದರ ನಂಬರು ಇಪ್ಪತ್ತೇಳು, ಹುಡುಕಿಕೊಡಬೇಕು ಎಂದು ಬರೆದಿತ್ತು.

"ಒಂದ ಸೆಟ್ಟಾ?" ಗುರುಲಿಂಗಪ್ಪ ಬಟ್ಟೆ ಝಾಡಿಸಿದ. "ನಾನೆಲ್ಲಿ ಲಾರಿನ ಹೋಗ್ಯಾದ ಅನ್ಕೊಂಡೆ."

"ಲಾರಿ ಹೋಗಿದ್ರ ಇಷ್ಟು ಅಂಜತಿದ್ದಿಲ್ಲ ನಾನು."

ಪಿಎಸ್‌ಐ ಬಸವೇಶ್ವರಿ ಒಳಗಿನಿಂದ ಬಂದರು. ಕೊಡ್ಲಿ ಊರಿನ ಹೆಣ್ಣುಮಗಳು. ಹೇಳುವುದು ಕಡಿಮೆ, ಕೇಳುವುದು ಹೆಚ್ಚು.

"ಅಂಜಿಕಿ ಯಾಕ?"

"ಮೇಡಂ, ಕಲ್ಲು ಒಡಿಲಿಕ್ಕೆ ಬ್ಲಾಸ್ಟಿಂಗ್ ಮಾಡ್ತೀವಿ. ಮದ್ದು ತುಂಬಿ ಎಲ್ಲಾರೂ ದೂರ ಸರದ ಮ್ಯಾಲ ನಾಕೂ ದಿಕ್ಕಿನ ಕಾವಲುಗಾರರು ಸೆಟ್ಟಿನ್ಯಾಗ 'ಖಾಲಿ' ಅಂತಾರ. ಆಮ್ಯಾಲ ಗುಂಡಿ ಒತ್ತೋದು. ಈಗ ಹೊರಗ ಯಾರ ಕೈಯಾಗೋ ಒಂದು ಸೆಟ್ ಅದ. ಅಂವ ಸುಳ್ಳೇ ಖಾಲಿ ಅಂದುಬಿಟ್ರ?"

ಬಸವೇಶ್ವರಿ ತಡಮಾಡಲಿಲ್ಲ. ಒಳಗಿನ ನೌಕರರದೇ ಕೈ ಇರಬಹುದೆಂದು ಭಾರತೀಯ ನ್ಯಾಯ ಸಂಹಿತೆಯ ಕಲಂ 306ರ ಅಡಿ ಎಫ್‌ಐಆರ್ ದಾಖಲಾಯಿತು.

ಸ್ಟೋರೆಂದರೆ ಗಣಿಯ ಅಂಚಿನಲ್ಲಿ ತಗಡಿನ ಒಂದು ಕೋಣೆ. ಗೋಡೆಗೆ ಉದ್ದನೆಯ ಹಲಗೆ. ಅದರ ಮೇಲೆ ಸಾಲಾಗಿ ಚಾರ್ಜಿಂಗ್ ಗೂಡುಗಳು, ಒಂದೊಂದು ಸೆಟ್ಟಿಗೆ ಒಂದೊಂದು, ಪಕ್ಕದಲ್ಲಿ ಹೆಚ್ಚಿನ ಬ್ಯಾಟರಿಗಳು. ಚಾರ್ಜು ತುಂಬಿದ್ದಕ್ಕೆ ಹಸಿರು ದೀಪ, ತುಂಬದ್ದಕ್ಕೆ ಕೆಂಪು. ಕೆಲಸಕ್ಕೆ ಒಯ್ದ ಸೆಟ್ಟುಗಳಿಗೆಲ್ಲ ವಹಿಯಲ್ಲಿ ಸಹಿ ಇತ್ತು, ಇಪ್ಪತ್ತೇಳರ ಖಾಲಿ ಗೂಡಿಗೆ ಮಾತ್ರ ಇರಲಿಲ್ಲ. ಬೀಗ ಒಡೆದಿರಲಿಲ್ಲ, ಕಿಟಕಿ ಮುರಿದಿರಲಿಲ್ಲ. ಪಂಚರ ಎದುರಿಗೆ ಪಂಚನಾಮೆ ಮಾಡಿದರು, ಮೊಬೈಲಿನಲ್ಲಿ ವಿಡಿಯೊ ತೆಗೆದರು.

ಸ್ಟೋರಿನ ಆಳು ದಶರಥ, ಚಿಂಚೋಳಿ ಕಡೆಯ ಐನಾಪುರದವನು. ವಯಸ್ಸು ಮೂವತ್ತರ ಆಸುಪಾಸು. ಕೇಳಿದ್ದಕ್ಕೆಲ್ಲ ತಲೆ ಬಗ್ಗಿಸಿಯೇ ಉತ್ತರ ಕೊಟ್ಟ.

"ಕೀಲಿ ಯಾರ ಹತ್ರ ಇರ್ತದ?"

"ನನ್ನ ಹತ್ರರಿ. ಇನ್ನೂ ಮೂರು ಮಂದಿ ಹತ್ರ ಅದರಿ."

"ಸೆಟ್ ಇಲ್ಲ ಅಂತ ಮೊದಲ ನೋಡಿದ್ದು ಯಾರು?"

"ಮ್ಯಾನೇಜರ್ ಸಾಹೇಬ್ರು."

"ನೀ ಯಾಕ ನೋಡ್ಲಿಲ್ಲ?"

ದಶರಥ ಕೈಯಲ್ಲಿನ ಕೀಲಿ ಹೊರಳಿಸಿದ. "ಕೆಲಸ ಭಾಳ ಇತ್ತರಿ."

ಅಲ್ಲಿಂದ ಕಂಟ್ರೋಲ್ ರೂಮಿಗೆ ಹೋದರು. ಎತ್ತರದ ಕೋಣೆ, ಮೂರು ಕಡೆ ಗಾಜು, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಗಣಿ. ಅಲ್ಲಿ ಕೂತವಳು ಭಾಗ್ಯಜ್ಯೋತಿ, ಸೇಡಂನವಳು. ಗಣಿಯಲ್ಲಿ ಅವಳ ಮುಖ ಕಂಡವರು ಕಡಿಮೆ, ದನಿ ಕೇಳದವರಿಲ್ಲ. ಅವಳ ಮುಂದೆ ಒಂದು ಪರದೆ. ಯಾರು ಮಾತಾಡಿದರೂ ಅವರ ಸೆಟ್ಟಿನ ನಂಬರು ಅದರ ಮೇಲೆ ಮೂಡುತ್ತಿತ್ತು.

"ಕಂಟ್ರೋಲ್, ಹನ್ನೊಂದು. ಕೆಳಗಿನ ದಾರ್ಯಾಗ ನೀರು ನಿಂತದ, ಡಂಪರ್ ಜಾರ್ತಾವ."

"ಕೇಳಿದೆ ಹನ್ನೊಂದು. ಎಲ್ಲಾ ಡಂಪರ್‌ನವ್ರು ಕೇಳ್ರಿ, ಕೆಳಗಿನ ದಾರಿ ಬ್ಯಾಡ, ಬೇವಿನ ಗಿಡದ ದಾರಿಲೆ ಬರ್ರಿ."

ಮಾತು ಮುಗಿದು ಉಸಿರು ಬಿಡುವುದರೊಳಗೆ, ದೂರದಲ್ಲಿ ಇರುವೆಗಳಂತೆ ಕಾಣುವ ಲಾರಿಗಳು ಒಂದರ ಹಿಂದೊಂದು ಬೇವಿನ ಮರದ ಕಡೆ ಹೊರಳಿದವು. ಗುರುಲಿಂಗಪ್ಪ ಗಾಜಿಗೆ ಮೂಗು ಹಚ್ಚಿ ನಿಂತ.

"ಒಂದ ಮಾತಿಗೆ ಇಷ್ಟೂ ಗಾಡಿ ತಿರುಗಿದ್ವಲ್ಲ ತಂಗಿ! ನಮ್ಮ ಹಳೇ ವೈರ್‌ಲೆಸ್ಸು ಕರ್ರ್ ಕರ್ರ್ ಅಂತಿತ್ತು, ಅದರಾಗ ಎಸ್ಪಿ ಸಾಹೇಬ್ರು ಬೈತಾರೋ ಹೊಗಳ್ತಾರೋ ತಿಳೀತಿದ್ದಿಲ್ಲ. ಇದು ಕಿವ್ಯಾಗ ಬಂದು ಹೇಳಿದಂಗ ಅದ. ಮನ್ಯಾಗ ನನ್ನ ಹೆಂಡ್ತಿ ಮಾತೂ ಇಷ್ಟು ಸಾಫ್ ಕೇಳ್ಸಂಗಿಲ್ಲ."

"ಕೇಳ್ಸಂಗಿಲ್ಲೋ, ನೀವ ಕೇಳಂಗಿಲ್ಲೋ?" ಅಂದಳು ಭಾಗ್ಯಜ್ಯೋತಿ.

ಅವಳಿಗೆ ಆ ಸೆಟ್ಟುಗಳ ಮೇಲೆ ಪ್ರೀತಿ. ಕೇಳದಿದ್ದರೂ ಹೇಳಿದಳು. ಮೊದಲು ಮೊಬೈಲು ಇತ್ತು, ಗಣಿಯ ತಳಕ್ಕಿಳಿದರೆ ರೇಂಜೇ ಸಿಗುತ್ತಿರಲಿಲ್ಲ. ಸಿಕ್ಕರೂ ಒಬ್ಬರಿಗೆ ಹೇಳಿ, ಇನ್ನೊಬ್ಬರಿಗೆ ಹೇಳುವುದರಲ್ಲಿ ಹೊತ್ತು ಹೋಗುತ್ತಿತ್ತು. ಕಲ್ಲು ಪುಡಿ ಮಾಡುವ ಕ್ರಷರಿನ ಪಕ್ಕ ನಿಂತರೆ ತನ್ನ ದನಿ ತನಗೇ ಕೇಳದು. ಈ ಡಿಜಿಟಲ್ ಸೆಟ್ಟು ಕ್ರಷರಿನ ಸಪ್ಪಳ ತಾನೇ ತೆಗೆದುಹಾಕಿ ಮಾತನ್ನಷ್ಟೇ ಕಳಿಸುತ್ತದೆ, ಹಿಟ್ಟು ಸೋಸಿದ ಹಾಗೆ. ಸೆಟ್ಟಿನ ತಲೆಯ ಮೇಲೆ ಒಂದು ಕಿತ್ತಳೆ ಗುಂಡಿ ಇದೆ. ದೀಪಾವಳಿ ಮುಂದೆ ಒಬ್ಬ ಡಂಪರ್ ಡ್ರೈವರಿಗೆ ಎದೆ ಹಿಡಿದುಕೊಂಡು ಮಾತೇ ಹೊರಡದಾಯಿತು. ಆ ಗುಂಡಿಯೊಂದನ್ನು ಒತ್ತಿದ. ಯಾರು, ಎಲ್ಲಿ ಎನ್ನುವುದೆಲ್ಲ ಪರದೆಯ ಮೇಲೆ ಬಂತು, ಆಂಬುಲೆನ್ಸು ನೆಟ್ಟಗೆ ಅವನ ಹತ್ತಿರ ಹೋಯಿತು. ಈಗ ಮತ್ತೆ ಕೆಲಸಕ್ಕೆ ಬರುತ್ತಾನೆ, ದಿನಾ ಬೆಳಿಗ್ಗೆ ಮೊದಲ ನಮಸ್ಕಾರ ಭಾಗ್ಯಜ್ಯೋತಿಗೇ.

"ಇಪ್ಪತ್ತೇಳು ಎಲ್ಲಿ ಅದ ಅಂತ ಪರದೆಯಾಗ ಕಾಣಂಗಿಲ್ಲೇನು?" ಬಸವೇಶ್ವರಿ ಕೇಳಿದರು.

"ಮಾತಾಡೋ ಬಟನ್ ಒತ್ತಿದ್ರ ಕಾಣ್ತದರಿ. ಒತ್ತಲಾರದ ಸುಮ್ಮನ ಕೇಳ್ತಾ ಕುಂತ್ರ ಕಾಣಂಗಿಲ್ಲ. ಒಯ್ದವ್ರು ಒಮ್ಮೆನೂ ಒತ್ತಿಲ್ಲ."

ಸುರೇಶಕುಮಾರ ನಡುವೆ ಬಂದರು. "ಇಲ್ಲಿಂದಲೇ ಆ ಸೆಟ್ ಸಾಯಿಸಬಹುದು ಮೇಡಂ. ಒಂದು ಕಮಾಂಡ್ ಕಳಿಸಿದ್ರ ಎಲ್ಲಿದ್ರೂ ಕಲ್ಲಾಗ್ತದ. ಸಾಯಿಸಿಬಿಡೋಣೇನು?"

"ಸಾಯಿಸಿದ್ರ ಒಯ್ದವ ಅದನ್ನ ಬಾವಿಗೆ ಒಗೀತಾನ. ಸುಳ್ಳು ಖಾಲಿ ಅಂದ್ರ ನಿಮಗ ಗೊತ್ತಾಗ್ತದಲ್ಲ, ನಂಬರ್ ಬೀಳ್ತದಲ್ಲ?"

"ಹೌದ್ರಿ," ಅಂದಳು ಭಾಗ್ಯಜ್ಯೋತಿ. "ಖಾಲಿ ಅನ್ನೋ ಮಾತು ಕಾವಲಿನ ನಾಕು ನಂಬರಿಂದ ಬಂದ್ರ ಅಷ್ಟ ಸೈ. ಆದ್ರ 'ನಿಲ್ಲಿಸು' ಅನ್ನೋ ಮಾತು ಯಾರದಾದ್ರೂ ಸೈ. ಅಡಿಗಿ ಮಾಡೋರು ಅಂದ್ರೂ ನಿಲ್ಲಿಸಬೇಕು, ಯಾಕ ಅಂತ ಆಮ್ಯಾಲ ಕೇಳಬೇಕು. ನಮ್ಮ ಕಾಯ್ದೆ ಅದು."

"ಹಂಗಾರ ಸೆಟ್ ಜೀವಂತ ಇರ್ಲಿ," ಅಂದರು ಬಸವೇಶ್ವರಿ.

ಆ ದಿನ ಮದ್ದು ತುಂಬುವುದು ತಡವಾಗಿ ಬ್ಲಾಸ್ಟಿಂಗು ಅರ್ಧ ಗಂಟೆ ಮುಂದೆ ಹೋಯಿತು. ಆ ಹೊತ್ತಿನಲ್ಲಿ ಬಸವೇಶ್ವರಿ ಗಣಿಯ ಪೂರ್ವದ ಮಣ್ಣಿನ ದಿಬ್ಬ ದಾಟಿ ತಂತಿಬೇಲಿಗುಂಟ ನಡೆದರು. ಬೇಲಿಯ ಆಚೆ ಕಂಪನಿಯದಲ್ಲ, ಬೇರೆಯವರ ಫರಸಿ ಗಣಿ. ಶಹಾಬಾದ ಕಲ್ಲು ಎಂದು ನಾವು ಮನೆಗೆ ಹಾಸುವ ಆ ನುಣ್ಣನೆಯ ಹಾಸುಗಲ್ಲನ್ನು ಅಲ್ಲಿ ಹತ್ತು ಹನ್ನೆರಡು ಮಂದಿ ಹೆಂಗಸರು ಉಳಿ ಹಿಡಿದು ಸೀಳುತ್ತಾರೆ. ಗೋಣಿಚೀಲದ ನೆರಳು, ಟಣ್ ಟಣ್ ಎನ್ನುವ ಉಳಿ, ಪಕ್ಕದಲ್ಲಿ ಕಲ್ಲು ಕೊಯ್ಯುವ ಯಂತ್ರದ ಕಿರುಚಾಟ.

ಬಸವೇಶ್ವರಿ ನೋಡುತ್ತಿದ್ದ ಹಾಗೆ, ನಡುವೆ ಕೂತ ಒಬ್ಬಳು ತಟ್ಟನೆ ಎದ್ದು ಸೆರಗು ಬೀಸಿದಳು. ಎಲ್ಲರೂ ಉಳಿ ಕೆಳಗಿಟ್ಟು ದೂರದ ಜಾಲಿಮರಗಳ ಹಿಂದೆ ಹೋಗಿ ನಿಂತರು. ಅವರು ನಿಂತ ಮೇಲೆ, ಸಾಕಷ್ಟು ಹೊತ್ತಿನ ಮೇಲೆ, ಸೈರನ್ನು ಕೂಗಿತು. ಗಾಳಿ ಎದುರಿಗಿತ್ತು, ಬೇಲಿಯ ಹತ್ತಿರ ಅದು ಸೊಳ್ಳೆಯ ದನಿಯಷ್ಟು ಕೇಳಿಸಿತು. ಆಮೇಲೆ ನೆಲ ನಡುಗಿತು.

ಧೂಳು ಇಳಿದ ಮೇಲೆ ಬಸವೇಶ್ವರಿ ಸೆರಗು ಬೀಸಿದವಳನ್ನು ಕರೆದರು.

"ಹೆಸರೇನವ್ವ?"

"ಜಗದೇವಿ ಅಂತಾರ್ರಿ."

"ಈಗ ಕಲ್ಲು ಹಾರಸ್ತಾರ ಅಂತ ಹೆಂಗ ಗೊತ್ತಾತು?"

"ದಿನಾ ಹೊತ್ತು ನೋಡಿ ಏಳ್ತೀವ್ರಿ."

ಇವತ್ತಿನ ಹೊತ್ತು ದಿನದ ಹೊತ್ತಾಗಿರಲಿಲ್ಲ. ಬಸವೇಶ್ವರಿ ಅದನ್ನು ಆಡಲಿಲ್ಲ. ಜಗದೇವಿಯ ಪಕ್ಕದಲ್ಲಿ ರೊಟ್ಟಿಯ ಬುತ್ತಿಗಂಟು ಇತ್ತು, ಅವಳ ಕೈ ಅದರ ಮೇಲೆಯೇ ಇತ್ತು. ಅನಸುಬಾಯಿ ಎನ್ನುವ ಮುದುಕಿಯೊಬ್ಬಳು ಎರಡು ಆಡು ಹಿಡಿದುಕೊಂಡು ಬಂದು, "ಪೊಲೀಸ್ ಬಾಯಾರ, ಸೆರಗು ಬೀಸಿದ್ರ ಗುನ್ಹೆ ಏನ್ರಿ? ಹಂಗಿದ್ರ ಬ್ಯಾಸಿಗ್ಯಾಗ ನಮ್ಮನ್ನೆಲ್ಲಾ ಜೇಲಿಗೆ ಹಾಕ್ರಿ," ಅಂತ ನಕ್ಕಳು.

ಠಾಣೆಗೆ ಮರಳುವಾಗ ಜೀಪಿನಲ್ಲಿ ಗುರುಲಿಂಗಪ್ಪ ಕೇಳಿದ, "ಆ ಗಂಟು ಬಿಚ್ಚಿಸಬೇಕಿತ್ತಲ್ರಿ ಮೇಡಂ?"

"ಬಿಚ್ಚಿದ್ರ ಸೆಟ್ ಸಿಗ್ತಿತ್ತು. ಕೊಟ್ಟವ ಸಿಗ್ತಿದ್ದಿಲ್ಲ. ಬ್ಯಾಟರಿ ಎಷ್ಟು ಹೊತ್ತು ಬರ್ತದ?"

"ಒಂದಿನ ಬರ್ತದ ಅಂದ್ಲು ಕಂಟ್ರೋಲ್ ರೂಮಿನ ಹುಡುಗಿ."

"ಚಾರ್ಜರ್ ಕಳುವಾಗಿಲ್ಲ. ಅಂದ್ರ?"

ಗುರುಲಿಂಗಪ್ಪ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. "ಅಂದ್ರ, ತುಂಬಿದ್ದು ಇಲ್ಲಿಂದ ಹೋಗ್ತದ, ಖಾಲಿ ಆಗಿದ್ದು ಇಲ್ಲಿಗೇ ಬರ್ತದ."

ಮರುದಿನ ಬೆಳಿಗ್ಗೆ ಆಳುಗಳು ಬರುವ ಮೊದಲೇ ಇಬ್ಬರೂ ಸ್ಟೋರಿನಲ್ಲಿದ್ದರು. ರಾತ್ರಿಯೆಲ್ಲ ಕರೆಂಟು ಇರಲಿಲ್ಲ, ಆಗಷ್ಟೇ ಬಂದಿತ್ತು. ಚಾರ್ಜಿಗೆ ಇಟ್ಟ ಹೆಚ್ಚಿನ ಬ್ಯಾಟರಿಗಳಲ್ಲಿ ಒಂದಕ್ಕೆ ಮಾತ್ರ ಕೆಂಪು ದೀಪ. ಯಾರೂ ಬಳಸದ ಬ್ಯಾಟರಿ ಖಾಲಿ ಆಗಿದ್ದು ಹೇಗೆ? ಗುರುಲಿಂಗಪ್ಪ ಅದನ್ನು ಎತ್ತಿ ನೋಡಿದ, ಮೂಗಿಗೆ ಹಿಡಿದ, ಮತ್ತೆ ಹಿಡಿದ.

"ಮೇಡಂ, ಇದಕ್ಕ ಶೇಂಗಾ ಹಿಂಡಿ ವಾಸನಿ ಬರಲಿಕತ್ತದ."

ಹೌದು. ಸೆಟ್ಟಿಗೆ ಕಚ್ಚುವ ಕೊಂಡಿಯ ಸಂದಿಯಲ್ಲಿ ಎಣ್ಣೆಯ ಜಿಡ್ಡು, ಕೆಂಪಗೆ ಕಾರದ ಪುಡಿ. ಈ ಕಡೆಯ ಬುತ್ತಿಯಲ್ಲಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿಯ ಚಟ್ನಿಪುಡಿ, ಬಿದ್ದೇ ಇರುತ್ತದೆ. ಅದೇ ಅರಿವೆಯಲ್ಲಿ ಬ್ಯಾಟರಿಯನ್ನೂ ಕಟ್ಟಿದರೆ ಅದೂ ಬುತ್ತಿಯೇ ಆಗುತ್ತದೆ. ಬಸವೇಶ್ವರಿ ಅದನ್ನು ಇದ್ದಲ್ಲೇ ಇಡಿಸಿದರು. ಎಲ್ಲಾ ಬ್ಯಾಟರಿಗಳ ತಳಕ್ಕೂ ಉಗುರುಬಣ್ಣದ ಒಂದೊಂದು ಗುರುತು ಹಾಕಿದರು. ಆ ದಿನ ಯಾವುದು ಹೊರಗೆ ಹೋಗುತ್ತದೆ, ಯಾರ ಗಂಟಿನಲ್ಲಿ ಹೋಗುತ್ತದೆ, ನೋಡಿದರಾಯಿತು.

ಆದರೆ ಅಷ್ಟು ಕಾಯುವ ಪ್ರಸಂಗ ಬರಲಿಲ್ಲ.

ಮಂಗಳವಾರ, ಮಧ್ಯಾಹ್ನ ಒಂದು ಗಂಟೆಯ ಸುಮಾರು. ಬಸವೇಶ್ವರಿ ಕಂಟ್ರೋಲ್ ರೂಮಿನಲ್ಲಿದ್ದರು. ಸೈರನ್ನು ಕೂಗಿ ಮುಗಿದಿತ್ತು. ಒಂದೊಂದೇ ದನಿ ಬಂತು.

"ಉತ್ತರ ಖಾಲಿ."

"ದಕ್ಷಿಣ ಖಾಲಿ."

"ಪಶ್ಚಿಮ ಖಾಲಿ."

"ಪೂರ್ವ ಖಾಲಿ."

ಭಾಗ್ಯಜ್ಯೋತಿ ಮೈಕಿನತ್ತ ಬಾಗಿದಳು. ಇನ್ನು ಅವಳು ಒಂದು ಮಾತು ಹೇಳಿದರೆ ಗುಂಡಿ ಒತ್ತುತ್ತಾರೆ. ಆಗ ಪರದೆಯ ಮೇಲೆ ಇಪ್ಪತ್ತೇಳು ಎಂದು ಮೂಡಿತು. ಹೆಂಗಸಿನ ದನಿ, ಓಡುತ್ತ ಕೂಗುವ ದನಿ.

"ಬ್ಯಾಡ್ರಿ! ಹಾರಸಬ್ಯಾಡ್ರಿ ಯಪ್ಪಾ! ಅನಸುಬಾಯಿ ಒಳಗ ಹೋಗ್ಯಾಳ, ಆಡಿನ ಹಿಂದ ಹೋಗ್ಯಾಳ! ನಿಲ್ಲಿಸ್ರಿ!"

"ಕಳವಿನ ಸೆಟ್!" ಸುರೇಶಕುಮಾರ ಎದ್ದು ನಿಂತರು. "ಚಾಷ್ಟಿ ಮಾಡ್ಲಿಕತ್ತಿರಬಹುದು..."

ಭಾಗ್ಯಜ್ಯೋತಿ ಅವರ ಕಡೆ ನೋಡಲೂ ಇಲ್ಲ. "ನಿಲ್ಲಿಸ್ರಿ. ಎಲ್ಲಾರೂ ನಿಲ್ಲಿಸ್ರಿ. ಗುಂಡಿಯಿಂದ ಕೈ ತೆಗೀರಿ. ಪೂರ್ವ, ದಿಬ್ಬದ ಆಚಿಗೆ ನೋಡ್ರಿ."

ಅದು ಆ ಗಣಿಯ ಎಲ್ಲ ಸೆಟ್ಟುಗಳಲ್ಲಿ ಒಂದೇ ಸಲಕ್ಕೆ ಕೇಳಿಸಿತು. ಮದ್ದಿನವನ ಕೈ ಹಿಂದೆ ಸರಿಯಿತು. ಸ್ವಲ್ಪ ಹೊತ್ತಿಗೆ ಪೂರ್ವದ ಕಾವಲುಗಾರನ ದನಿ ಬಂತು.

"ಕಂಟ್ರೋಲ್, ಹೌದರಿ. ಮುದುಕಿ ಅದಾಳ. ದಿಬ್ಬದ ಕೆಳಗ ಅದಾಳ. ನನಗ ಇಲ್ಲಿಂದ ಕಾಣತಿದ್ದಿಲ್ಲರಿ. ಆಡು ಎತ್ಗೊಂಡು ಬರಲಿಕತ್ತಾಳ."

ಗಾಜಿನೊಳಗಿಂದ ನೋಡಿದರೆ ಮದ್ದು ತುಂಬಿದ ಜಾಗದ ತೀರ ಹತ್ತಿರ, ಹಸಿರು ಸೀರೆಯ ಒಂದು ಚುಕ್ಕೆ ಮೆಲ್ಲಗೆ ಮೇಲೆ ಹತ್ತುತ್ತಿತ್ತು. ಭಾಗ್ಯಜ್ಯೋತಿ ಮೈಕು ಬಿಟ್ಟಳು.

ಬಸವೇಶ್ವರಿ ಬೇಲಿಯ ಹತ್ತಿರ ಹೋಗುವಾಗ ಜಗದೇವಿ ಅಲ್ಲೇ ನಿಂತಿದ್ದಳು. ಓಡಿರಲಿಲ್ಲ, ಸೆಟ್ಟು ಬಚ್ಚಿಟ್ಟಿರಲಿಲ್ಲ. ಎರಡೂ ಕೈಯಲ್ಲಿ ಕೂಸಿನ ಹಾಗೆ ಹಿಡಿದಿದ್ದಳು. ಪಕ್ಕದಲ್ಲಿ ಅನಸುಬಾಯಿ ಆಡಿನ ಕಿವಿ ಹಿಂಡಿ ಬೈಯುತ್ತಿದ್ದಳು. "ನಿನ್ನ ಸಲುವಾಗಿ ನಾ ತಂದೂರಿ ಆಗ್ತಿದ್ನಲ್ಲೇ ರಂಡಿ." ಬೈಯುತ್ತಲೇ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು.

"ಬಟನ್ ಒತ್ತಿದ್ರ ಸಿಕ್ಕಿ ಬೀಳ್ತಿ ಅಂತ ಗೊತ್ತಿತ್ತೇನು?" ಬಸವೇಶ್ವರಿ ಕೇಳಿದರು.

"ಗೊತ್ತಿತ್ತರಿ. 'ಕೇಳು, ಒತ್ತಬ್ಯಾಡ, ಒತ್ತಿದ್ರ ನಂಬರ್ ಬೀಳ್ತದ' ಅಂತ ಹೇಳಿದ್ರು."

"ಯಾರು ಹೇಳಿದ್ರು?"

ಜಗದೇವಿ ಹೇಳುವ ಅವಶ್ಯಕತೆ ಬೀಳಲಿಲ್ಲ. ಬೇಲಿಯ ಒಳಗಿಂದ ದಶರಥ ಓಡಿ ಬರುತ್ತಿದ್ದ, ಕಾಲಲ್ಲಿ ಒಂದೇ ಚಪ್ಪಲಿ.

"ಅಕಿಗೇನೂ ಅನಬ್ಯಾಡ್ರಿ ಮೇಡಂ. ನಾನ ಒಯ್ದು ಕೊಟ್ಟೀನಿ. ನನ್ನ ಹೆಂಡ್ತಿರಿ ಅಕಿ."

ಅಲ್ಲಿಯೇ ಪಂಚನಾಮೆ ಆಯಿತು. ಸೆಟ್ಟು ಮತ್ತು ಉಗುರುಬಣ್ಣದ ಗುರುತಿನ ಬ್ಯಾಟರಿಯನ್ನು ಜಪ್ತಿ ಮಾಡಿ ಅರಗಿನ ಮುದ್ರೆ ಹಾಕಿದರು. ಮೂರು ಗಂಟೆಗೆ ದಶರಥನ ಬಂಧನ ದಾಖಲಾಯಿತು. ಠಾಣೆಯಲ್ಲಿ ಬಸವೇಶ್ವರಿ ಅವನನ್ನು ಕೂಡಿಸಿ ಕೇಳಿದರು.

"ಮಾರಲಿಕ್ಕೆ ಒಯ್ದಿದ್ದೇನು?"

"ಇಲ್ರಿ."

"ಮತ್ತ?"

"ಸ್ಟೋರಿನ್ಯಾಗ ಕುಂತು ದಿನಾ ಕೇಳ್ತೀನ್ರಿ. ಎಲ್ಲಾರಿಗೂ ಗೊತ್ತಾಗ್ತದ, ಅಡಿಗಿ ಮನಿಯವ್ರಿಗೂ ಗೊತ್ತಾಗ್ತದ, ಇನ್ನ ಹಾರಸ್ತಾರ ಅಂತ. ಬೇಲಿ ಆಚಿಗೆ ನನ್ನ ಹೆಂಡ್ತಿ, ನನ್ನ ಕೂಸು. ಅವ್ರಿಗೆ ಗೊತ್ತಾಗಂಗಿಲ್ಲ. ಯಂತ್ರದ ಸಪ್ಪಳದಾಗ ಸೈರನ್ ಕೇಳ್ಸಂಗಿಲ್ಲ."

"ಮ್ಯಾನೇಜರಿಗೆ ಹೇಳಿದ್ದೇನು?"

"ಹೇಳಿದ್ನಿರಿ. ಮಳಿಗಾಲದಾಗ ಒಂದು ಕಲ್ಲು ಹಾರಿ ಬಂದು ಕೂಸಿನ ತೊಟ್ಟಿಲದಾಗ ಬಿತ್ತು. ಸೀರಿ ತೊಟ್ಟಿಲ, ಹರದು ಕೆಳಗ ಹೋತು. ಅಕಿ ಆಗಷ್ಟ ಕೂಸಿನ ಎತ್ಗೊಂಡು ಮೊಲಿ ಕೊಡಲಿಕತ್ತಿದ್ಲು." ದಶರಥ ಕೈ ಹೊಸೆದ. "ಸಾಹೇಬ್ರು ಛಲೋ ಮನಷ್ಯಾರ್ರಿ. ಕಾಗದ ಬರೀತೀನಿ ಅಂದ್ರು. ಬರದ್ರೋ ಇಲ್ಲೋ, ಏನೂ ಬರಲಿಲ್ಲ."

ಗುರುಲಿಂಗಪ್ಪ ಹೇಳಿಕೆ ಬರೆದುಕೊಳ್ಳುತ್ತಿದ್ದ. ಪೆನ್ನು ನಿಂತಿತು. ಎದ್ದು ಹೋಗಿ ಒಂದು ಲೋಟ ನೀರು ತಂದು ದಶರಥನ ಮುಂದೆ ಇಟ್ಟು, ಮತ್ತೆ ಬರೆಯತೊಡಗಿದ.

ಕಳವು ಕಳವೇ. ಬಸವೇಶ್ವರಿ ಅದನ್ನು ತೇಲಿಸಲಿಲ್ಲ. ಆದರೆ ಆ ಸೆಟ್ಟು ಒಂದೇ ಒಂದು ಸಲ ಮಾತಾಡಿದ್ದು ಯಾವಾಗ, ಏನೆಂದು ಮಾತಾಡಿತು, ಯಾರ ಜೀವ ಉಳಿಯಿತು, ಎಲ್ಲವನ್ನೂ ಕಂಟ್ರೋಲ್ ರೂಮಿನ ಧ್ವನಿಮುದ್ರಣದೊಂದಿಗೆ ವರದಿಯಲ್ಲಿ ಸೇರಿಸಿದರು. ಜಗದೇವಿಯನ್ನು ಸಾಕ್ಷಿಯಾಗಿ ಮಾಡಿಕೊಂಡರು. ಬುಧವಾರ ಚಿತ್ತಾಪುರದ ನ್ಯಾಯಾಲಯ ದಶರಥನಿಗೆ ಜಾಮೀನು ಕೊಟ್ಟಿತು.

ಅದೇ ಸಂಜೆ ಸುರೇಶಕುಮಾರ ಸಹಿ ಮಾಡಲು ಠಾಣೆಗೆ ಬಂದರು. ಸಹಿ ಆಯಿತು, ಎದ್ದು ಹೋಗಲಿಲ್ಲ.

"ಕಾಗದ ಬರದಿದ್ದೆ ಮೇಡಂ," ಅಂದರು. ಯಾರೂ ಕೇಳಿರಲಿಲ್ಲ. "ಫರಸಿ ಗಣಿಯವ್ರಿಗೆ ಒಂದು ಸೆಟ್ ಕೊಡ್ರಿ, ಐದನೇ ಖಾಲಿ ಅವ್ರಿಂದ ಬರ್ಲಿ ಅಂತ. ಭಾಗ್ಯಜ್ಯೋತಿ ಟೈಪ್ ಮಾಡಿ ಕೊಟ್ಟಿದ್ಲು. ಹೊರಗಿನವ್ರಿಗೆ ಕೊಡಬೇಕಂದ್ರ ದೊಡ್ಡ ಆಫೀಸಿಗೆ ನನ್ನ ಸಹಿದು ಹೋಗಬೇಕು. ನಾಳೆ ಏನರ ಆದ್ರ ಜವಾಬ್ದಾರಿ ನನ್ನ ಮ್ಯಾಲ ಬರ್ತದಂತ ಡ್ರಾವರಿನ್ಯಾಗ ಇಟ್ಟುಬಿಟ್ಟೆ."

"ಈಗ ಎಲ್ಲಿ ಅದ?"

"ಡ್ರಾವರಿನ್ಯಾಗ."

ಗುರುಲಿಂಗಪ್ಪ ಅಂದ, "ಸಾಹೇಬ್ರ, ನಿಮ್ಮ ಆ ಸೆಟ್ಟು ಇಲ್ಲಿ ಒತ್ತಿದ್ರ ಅಲ್ಲಿ ಕೇಳ್ತದ. ಇಷ್ಟು ಛಲೋ ಸಾಮಾನು ತಂದೀರಿ. ಬೇಲಿ ತನ ಬಂದು ನಿಂದ್ರಬೇಕೇನ್ರಿ ಅದು?"

ಮರುದಿನದಿಂದಲೇ ಪೂರ್ವದ ಕಾವಲುಗಾರ ದಿಬ್ಬದ ಮೇಲೆ, ಎರಡೂ ಕಡೆ ಕಾಣುವಲ್ಲಿ ನಿಲ್ಲಬೇಕೆಂದು ಆದೇಶವಾಯಿತು.

ಗುರುವಾರ ಬೆಳಿಗ್ಗೆ ಸುರೇಶಕುಮಾರ ತಾವೇ ವಾಡಿಯ ಅಂಚೆ ಕಚೇರಿಗೆ ಬಂದರು. ಸಾಲಿನಲ್ಲಿ ನಿಂತರು. ಕೌಂಟರಿನವರು ಲಕೋಟೆ ತೂಗಿ, ಚೀಟಿ ಅಂಟಿಸಿ, ಠಪ್ ಎಂದು ಮುದ್ರೆ ಹೊಡೆದು ಹಿಂದಿನ ಚೀಲಕ್ಕೆ ಹಾಕಿದರು. ಸುರೇಶಕುಮಾರ ಚೀಲದ ಕಡೆ ಒಮ್ಮೆ ನೋಡಿದರು. ಸೊಂಟದ ಒಂದನೇ ನಂಬರಿನ ವಾಕಿಟಾಕಿ ತೆಗೆದು ಬಟನ್ ಒತ್ತಿದರು.

"ಕಂಟ್ರೋಲ್, ಒಂದು. ಕಾಗದ ಹೋತು."

ಆ ಕಡೆಯಿಂದ ಕ್ರಷರಿನ ಸಪ್ಪಳವಿಲ್ಲ, ಗಾಳಿಯಿಲ್ಲ. ಅಂಚೆ ಕಚೇರಿಯಲ್ಲಿ ನಿಂತವರಿಗೆಲ್ಲ ಕೇಳುವಷ್ಟು ಸ್ಪಷ್ಟವಾಗಿ ಭಾಗ್ಯಜ್ಯೋತಿಯ ದನಿ ಬಂತು.

"ಕೇಳಿದೆ, ಒಂದು. ಎಲ್ಲಾರೂ ಕೇಳ್ಯಾರ."